ಪ್ರಯೋಗಶಾಲೆಯ ಪ್ರಾಣಿ ಮತ್ತು ನಮ್ಮ ಋಣ

ಗೋವಿನಜೋಳಕ್ಕೆ ಲದ್ದಿಹುಳು ಬಿದ್ದಾಗ ಹಿರೇಕೆರೂರಿನ ರೈತ ಗೊಬ್ಬರದ ಅಂಗಡಿಗೆ ಬಂದು ಎಣ್ಣೆ, ಅಂದರೆ ಕೀಟನಾಶಕ, ಕೇಳುತ್ತಾನೆ. ಸವಣೂರು, ಶಿಗ್ಗಾವಿಯ ಹತ್ತಿ ಬೆಳೆಗಾರ ಕೇಳುವುದೂ ಅದನ್ನೇ. ಅಂಗಡಿಯವರು ಕೊಡುವ ಬಾಟಲಿಯ ಚೀಟಿಯ ಮೇಲೆ, ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕ ಅಚ್ಚಾಗಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ: ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು. 1968ರ ಕೀಟನಾಶಕ ಕಾಯ್ದೆಯಡಿ 1971ರಲ್ಲಿ ಬಂದ ನಿಯಮಗಳು ಈ ಬಣ್ಣಗಳನ್ನು ಗೊತ್ತು ಮಾಡಿವೆ. ಪರೀಕ್ಷೆಗೆ ಒಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಪ್ರತಿ ಕಿಲೋಗೆ ಎಷ್ಟು ವಿಷ ಬಾಯಿಯ ಮೂಲಕ ಹೋಗಬೇಕು ಎಂಬುದು ಒಂದು ಲೆಕ್ಕ. 50 ಮಿಲಿಗ್ರಾಂ ಒಳಗಿದ್ದರೆ ಕೆಂಪು, 500ರ ಒಳಗೆ ಹಳದಿ, 5,000ದ ಒಳಗೆ ನೀಲಿ, ಅದಕ್ಕೂ ಮೇಲಾದರೆ ಹಸಿರು. ಪರೀಕ್ಷೆಯ ಪ್ರಾಣಿ ಸಾಮಾನ್ಯವಾಗಿ ಇಲಿ. ಆ ಬಣ್ಣವನ್ನು ನಿರ್ಧರಿಸಿದ್ದು ಇಲಿಗಳ ಸಾವು.

ಈ ಅಳತೆಯನ್ನು 1927ರಲ್ಲಿ ರೂಪಿಸಿದವರು ಬ್ರಿಟನ್ನಿನ ಔಷಧ ವಿಜ್ಞಾನಿ ಟ್ರೆವನ್. ತೀಕ್ಷ್ಣವಾದ ಔಷಧಗಳ ಶಕ್ತಿಯನ್ನು ಒಂದೇ ಮಟ್ಟಕ್ಕೆ ತರುವುದು ಅವರ ಉದ್ದೇಶವಾಗಿತ್ತು. ಆಮೇಲೆ ಅದು ಬಣ್ಣ, ಸಾಬೂನು, ಕೀಟನಾಶಕ ಎನ್ನದೆ ಎಲ್ಲ ರಾಸಾಯನಿಕಗಳಿಗೂ ಹಬ್ಬಿ, ಒಂದೊಂದು ವಸ್ತುವಿಗೂ ಹತ್ತಾರು ಪ್ರಾಣಿಗಳು ನಡುಗಿ, ನೊರೆ ಕಕ್ಕಿ ಸಾಯುವ ಪದ್ಧತಿಯಾಯಿತು. ಹಳೆಯ ವಿಧಾನವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯಿಂದ ತೆಗೆದುಹಾಕಿದ್ದು 2002ರಲ್ಲಿ. ಈಗ ಅದೇ ಮಾಹಿತಿಯನ್ನು ತೀರ ಕಡಿಮೆ ಪ್ರಾಣಿಗಳಿಂದ ಪಡೆಯುವ ವಿಧಾನಗಳಿವೆ.

ನನಗೆ ಇಲ್ಲಿ ಎರಡು ನೋವುಗಳು ಕಾಣುತ್ತವೆ. ಒಂದು ಇಲಿಯದು. ಇನ್ನೊಂದು, ಆ ಇಲಿ ಸತ್ತು ಕೊಟ್ಟ ಮಾಹಿತಿ ರೈತನಿಗೆ ತಲುಪದೇ ಹೋದದ್ದು. ಕೆಂಪು ಬಣ್ಣದ ಮೊನೊಕ್ರೊಟೊಫಾಸನ್ನು ಬರಿಮೈಯಲ್ಲಿ, ಮೂಗಿಗೆ ಟವೆಲ್ ಸುತ್ತಿಕೊಂಡು ಹೊಡೆದವರು ನಮ್ಮ ಭಾಗದಲ್ಲಿ ಅದೆಷ್ಟೋ ಜನ. ಬಣ್ಣದ ಅರ್ಥವನ್ನು ಅವರಿಗೆ ಯಾರೂ ಕೂತು ಹೇಳಲಿಲ್ಲ. ಅದೂ ಅಲ್ಲದೆ ಆ ಅಂಕಿಗಾಗಿ ಇಲಿಗೆ ವಿಷ ಕೊಟ್ಟದ್ದು ಬಾಯಿಯಿಂದ, ಒಂದೇ ಸಲ. ಸಿಂಪಡಿಸುವ ಕೂಲಿಯಾಳಿನ ಮೈಗೆ ಅದು ಸೇರುವುದು ಚರ್ಮದಿಂದ, ಉಸಿರಿನಿಂದ, ಹಂಗಾಮು ಹಂಗಾಮಿಗೂ. ಒಂದು ಜೀವ ತೆತ್ತು ಪಡೆದ ಅಂಕಿಯು ಇನ್ನೊಂದು ಜೀವದ ನಿಜವಾದ ಅಪಾಯಕ್ಕೆ ಹೊಂದದಿದ್ದರೆ ಆ ಪ್ರಯೋಗದ ನ್ಯಾಯವೇನು?

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ದೊಡ್ಡ ಪ್ರಯೋಗಶಾಲೆಗಳಿಗೆ ಹೆಸರಾದ ಜಾಗಗಳಲ್ಲ. ಹಾಗಾಗಿ ಪ್ರಾಣಿಪ್ರಯೋಗದ ನೈತಿಕತೆ ಎಂದರೆ ಬೆಂಗಳೂರು, ಪುಣೆ, ಹೈದರಾಬಾದಿನವರು ಚರ್ಚಿಸಬೇಕಾದ ಸಂಗತಿ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಆದರೆ ಇಲ್ಲಿನ ಹೊಲ, ಕೊಟ್ಟಿಗೆ, ತಾಲ್ಲೂಕು ಆಸ್ಪತ್ರೆ, ಕಾಲೇಜು ಇವೆಲ್ಲವೂ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ಫಲವನ್ನು ಉಣ್ಣುತ್ತಿವೆ. ಪ್ರಯೋಗ ಸರಿಯೇ ತಪ್ಪೇ ಎಂದು ಕೇಳುವವರು ಸಾಮಾನ್ಯವಾಗಿ ಪ್ರಯೋಗಶಾಲೆಯ ಬಾಗಿಲಿನಲ್ಲೇ ನಿಂತುಬಿಡುತ್ತಾರೆ. ಆ ಜೀವದಿಂದ ಬಂದ ತಿಳಿವಳಿಕೆ ಮುಂದೆ ಎಲ್ಲಿಗೆ ಹೋಯಿತು, ಯಾರಿಗೆ ಮುಟ್ಟಿತು, ಯಾರ ನಿರ್ಲಕ್ಷ್ಯದಿಂದ ಹಾಳಾಯಿತು ಎಂಬುದೂ ನೈತಿಕ ಪ್ರಶ್ನೆಯ ಅರ್ಧಭಾಗ ಎಂದು ನಾನು ನಂಬಿದ್ದೇನೆ. ಈ ನಾಲ್ಕು ತಾಲ್ಲೂಕುಗಳಿಂದ ನೋಡಿದರೆ ಆ ಅರ್ಧ ಸ್ಪಷ್ಟವಾಗಿ ಕಾಣುತ್ತದೆ.

ಹಾವು ಕಡಿತದಿಂದ ಹಿಡಿಯೋಣ. ಭತ್ತದ ಗದ್ದೆಯ ಬದುವಿನಲ್ಲಿ, ಗೋವಿನಜೋಳದ ಕಣದಲ್ಲಿ, ಮೇವಿನ ಬಣವೆಯ ಬುಡದಲ್ಲಿ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಇವೆಯೆಂಬುದು ಹೊಲ ಮಾಡುವ ಎಲ್ಲರಿಗೂ ಗೊತ್ತು. ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರವೆಂದು ಸಂಶೋಧಕರು ಅಂದಾಜಿಸಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು.

ಇದಕ್ಕಿರುವ ಒಂದೇ ಖಚಿತ ಮದ್ದು ಕುದುರೆಯ ರಕ್ತದಿಂದ ಬರುತ್ತದೆ. ಮೊದಲು ಹಾವಿನಿಂದ ವಿಷ ತೆಗೆಯಬೇಕು; ನಮ್ಮ ದೇಶದಲ್ಲಿ ಆ ವಿಷದ ದೊಡ್ಡ ಪಾಲು ಬರುವುದು ತಮಿಳುನಾಡಿನ ಇರುಳ ಸಮುದಾಯದವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಆ ವಿಷವನ್ನು ಕುದುರೆಗೆ ಮೊದಲು ತೀರ ಅಲ್ಪ ಪ್ರಮಾಣದಲ್ಲಿ, ಆಮೇಲೆ ಏರಿಸುತ್ತಾ ತಿಂಗಳುಗಟ್ಟಲೆ ಚುಚ್ಚುತ್ತಾರೆ. ಕುದುರೆಯ ಮೈ ವಿಷದ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಂಡ ನಂತರ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಶುದ್ಧಗೊಳಿಸಿ, ಒಣಗಿಸಿ ಸಣ್ಣ ಸೀಸೆಗಳಿಗೆ ತುಂಬುತ್ತಾರೆ. ಚೆನ್ನಾಗಿ ನಡೆಸಿದ ಲಾಯದಲ್ಲಿ ಕೆಂಪುಕಣಗಳನ್ನು ಕುದುರೆಗೇ ಮರಳಿಸುತ್ತಾರೆ, ವಿಶ್ರಾಂತಿ ಕೊಡುತ್ತಾರೆ. ಕುದುರೆ ಹಲವು ವರ್ಷ ಬದುಕುತ್ತದೆ. ಕೆಟ್ಟದಾಗಿ ನಡೆಸಿದ ಲಾಯಗಳೂ ಇವೆ. ಸುಮಾರು ಹತ್ತು ವರ್ಷಗಳ ಹಿಂದೆ ಪ್ರಾಣಿ ಕಲ್ಯಾಣ ಮಂಡಳಿಯ ಪರವಾಗಿ ತಪಾಸಣೆಗೆ ಹೋದವರು ಕೆಲವು ಘಟಕಗಳಲ್ಲಿ ಬಡಕಲಾದ, ಗಾಯಗೊಂಡ ಕುದುರೆಗಳನ್ನು ಕಂಡು ವರದಿ ಮಾಡಿದ್ದರು.

ಮದ್ದು ತಯಾರಾದ ಮೇಲೆ ಇಲಿಗಳ ಸರದಿ. ಭಾರತದ ಔಷಧ ಸಂಹಿತೆಯಂತೆ 1 ಮಿ.ಲೀ. ಮದ್ದು ನಾಗರಹಾವಿನ ಮತ್ತು ಕೊಳಕುಮಂಡಲದ 0.6 ಮಿಲಿಗ್ರಾಂ, ಕಟ್ಟುಹಾವಿನ ಮತ್ತು ಗರಗಸ ಮಂಡಲದ 0.45 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸಬೇಕು. ಗೊಳಿಸಿತೋ ಇಲ್ಲವೋ ಎಂದು ತಿಳಿಯಲು ವಿಷ ಮತ್ತು ಮದ್ದನ್ನು ಬೆರೆಸಿ ಬಿಳಿ ಇಲಿಗಳಿಗೆ ಚುಚ್ಚುತ್ತಾರೆ. ಬದುಕಿದ್ದೆಷ್ಟು, ಸತ್ತಿದ್ದೆಷ್ಟು ಎಂದು ಎಣಿಸುತ್ತಾರೆ. ಹಾವಿನ ವಿಷದಿಂದ ಇಲಿ ಸಾಯುವುದು ಸುಲಭದ ಸಾವಲ್ಲ.

ಇದನ್ನೆಲ್ಲ ತಿಳಿದೂ ನಾನು ಈ ಮದ್ದಿನ ಪರವಾಗಿದ್ದೇನೆ. ಕಟ್ಟುಹಾವು ಕಚ್ಚಿ ಕಣ್ಣರೆಪ್ಪೆ ಎತ್ತಲಾಗದೆ, ಉಸಿರು ಸಾಲದೆ ಒದ್ದಾಡುವ ಮಗುವಿನ ತಾಯಿಗೆ ಕುದುರೆಯ ಹಕ್ಕಿನ ಮಾತು ಹೇಳಲು ನನ್ನಿಂದ ಆಗದು. ಆದರೆ ಪರವಾಗಿದ್ದೇನೆ ಎಂದ ಮಾತ್ರಕ್ಕೆ ನನ್ನ ಹೊಣೆ ತೀರುವುದಿಲ್ಲ. ಸೀಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕು, ಕೊಡಲು ಬಲ್ಲ ವೈದ್ಯರು ರಾತ್ರಿಯೂ ಇರಬೇಕು, ರೋಗಿ ಮಂತ್ರ ಹಾಕಿಸಿಕೊಳ್ಳುತ್ತ, ಬೇರು ಕಟ್ಟಿಸಿಕೊಳ್ಳುತ್ತ ನಾಲ್ಕು ತಾಸು ಕಳೆಯದೆ ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕುದುರೆಯೂ ಇಲಿಯೂ ಸುಮ್ಮನೆ ನೋವುಂಡಂತಾಯಿತು. ಅವಧಿ ಮೀರಿ ಕಸಕ್ಕೆ ಹೋಗುವ ಪ್ರತಿ ಸೀಸೆಯ ಹಿಂದೆಯೂ ಒಂದು ಲಾಯವಿದೆ.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಒಂದೇ ಜಾತಿಯ ಹಾವಾದರೂ ಪ್ರದೇಶದಿಂದ ಪ್ರದೇಶಕ್ಕೆ ವಿಷದ ಗುಣ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ಈ ವ್ಯತ್ಯಾಸವನ್ನು ವರ್ಷಗಳಿಂದ ದಾಖಲಿಸುತ್ತ ಬಂದಿದೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ದೇಶದ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಹಾಗಾದಾಗ ಸೀಸೆಗಳ ಸಂಖ್ಯೆ ಏರುತ್ತದೆ. ಅದೇ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡನೆ ಸೇರಿ, ಕುದುರೆಯ ಹಂಗಿಲ್ಲದೆ ಪ್ರಯೋಗಶಾಲೆಯಲ್ಲೇ ಹುಡುಕಿ ತೆಗೆದ ಒಂದು ಮಾನವ ಪ್ರತಿಕಾಯದ ವಿವರವನ್ನು 2024ರಲ್ಲಿ ಪ್ರಕಟಿಸಿತು. ನಾಗರ, ಕಾಳಿಂಗ, ಕಟ್ಟುಹಾವುಗಳ ಕುಟುಂಬದ ಒಂದು ಮುಖ್ಯ ನರವಿಷವನ್ನು ಅದು ತಡೆಯುತ್ತದೆ. ಇದು ಕುದುರೆಗಳ ಬಿಡುಗಡೆಯತ್ತ ಒಂದು ಹೆಜ್ಜೆ. ಆದರೆ ತಡೆಯುತ್ತದೆ ಎಂದು ತೋರಿಸಿದ್ದೂ ಇಲಿಗಳ ಮೇಲೆಯೇ. ಪ್ರಾಣಿಯನ್ನು ಬಿಡಿಸುವ ದಾರಿಯೂ ಸದ್ಯಕ್ಕೆ ಪ್ರಾಣಿಯ ಮೇಲೆ ಹಾದು ಹೋಗುತ್ತಿದೆ. ಇದನ್ನು ಮುಚ್ಚಿಟ್ಟು ಪರ್ಯಾಯಗಳ ಗುಣಗಾನ ಮಾಡುವುದು ಸರಿಯಲ್ಲ.

ಹಿಂದಿನದನ್ನೂ ಸ್ವಲ್ಪ ನೋಡಬೇಕು. ಈ ತಾಲ್ಲೂಕುಗಳ ಬಹುಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಾಗ, ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದು ಬೆಳಗಾವಿಯಲ್ಲಿ. ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಇಂದಿಗೂ ಆ ಹೆಸರಿನಿಂದಲೇ ಇದೆ. ಕರುಗಳ ಮೈ ಬೋಳಿಸಿ, ಚರ್ಮ ಗೀರಿ, ವೈರಸ್ ಹಚ್ಚಿ, ಕೆಲವು ದಿನಗಳ ನಂತರ ಎದ್ದ ಗುಳ್ಳೆಗಳ ರಸವನ್ನು ಕೆರೆದು ತೆಗೆಯುವುದು ಅಂದಿನ ವಿಧಾನ. ಸ್ವಾತಂತ್ರ್ಯಾನಂತರ ಸಿಡುಬು ನಿರ್ಮೂಲನೆಯ ಆಂದೋಲನಕ್ಕೆ ಲಸಿಕೆ ಒದಗಿಸಿದ ದೇಶದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಭಾರತದ ಕೊನೆಯ ಸಿಡುಬು ಪ್ರಕರಣ ದಾಖಲಾದದ್ದು 1975ರಲ್ಲಿ; 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು. ಇಂದು 60 ದಾಟಿದವರ ತೋಳಿನಲ್ಲಿ ದೇವಿ ಹಾಕಿಸಿದ ಕಲೆ ಇನ್ನೂ ಇದೆ. ಎಮ್ಮೆಯ ಕರುಗಳ ಮೈಮೇಲೆ ಎದ್ದ ಹುಣ್ಣು ನಮ್ಮ ಹಿರಿಯರ ಮುಖಗಳನ್ನು ಉಳಿಸಿತು. ನಾಯಿ ಕಚ್ಚಿದರೆ ಹೊಕ್ಕಳಿನ ಸುತ್ತ ಹಾಕುತ್ತಿದ್ದ ಇಂಜೆಕ್ಷನ್ನುಗಳ ಕಥೆ ಬೇರೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಆ ಲಸಿಕೆಗೆ ಕುರಿಗಳಿಗೆ ಹುಚ್ಚುನಾಯಿ ರೋಗದ ವೈರಸ್ ಹಾಕಿ, ಅವುಗಳ ಮಿದುಳನ್ನು ಅರೆದು ಬಳಸುತ್ತಿದ್ದರು. ಮಿದುಳಿನ ಅಂಶಗಳಿಂದಾಗಿ ಕೆಲವರಿಗೆ ಪಾರ್ಶ್ವವಾಯುವಿನಂಥ ತೊಂದರೆಯೂ ಆಗುತ್ತಿತ್ತು. ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ ಬಂದ ಎಷ್ಟೋ ವರ್ಷಗಳ ನಂತರ, 2004ರ ಕೊನೆಗೆ, ಭಾರತ ಕುರಿಮಿದುಳಿನ ಲಸಿಕೆಯನ್ನು ನಿಲ್ಲಿಸಿತು. ಕುರಿಯೂ ಉಳಿಯಿತು, ಮನುಷ್ಯನೂ ಸುರಕ್ಷಿತನಾದ. ಪ್ರಾಣಿಯ ಹಿತವೂ ರೋಗಿಯ ಹಿತವೂ ಯಾವಾಗಲೂ ಎದುರುಬದುರಾಗಿ ನಿಲ್ಲುತ್ತವೆ ಎಂದು ವಾದಿಸುವವರು ಇದನ್ನು ನೆನಪಿಡಬೇಕು.

ಹಾನಗಲ್ಲಿನ ದಕ್ಷಿಣಕ್ಕೆ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನಲ್ಲಿ 1957ರ ಬೇಸಿಗೆಯಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಸುಡುಜ್ವರದಲ್ಲಿ ಬಿದ್ದರು. ಮೊದಲು ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದು, ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ ಸಂಗ್ರಹಿಸಿದರು. ಅದನ್ನು ಮರಿ ಇಲಿಗಳ ಮಿದುಳಿಗೆ ಚುಚ್ಚಿದಾಗ ಹೊಸ ವೈರಸ್ ಸಿಕ್ಕಿತು. ಆಮೇಲೆ ಉಣ್ಣೆಗಳಿಂದಲೂ ಅದೇ ವೈರಸ್ ಸಿಕ್ಕಿ ರೋಗ ಹರಡುವ ದಾರಿ ಗೊತ್ತಾಯಿತು. ಪುಣೆಯಲ್ಲಿ ಮಂಗಗಳಿಗೆ ಬೇಕೆಂದೇ ಸೋಂಕು ತಗುಲಿಸಿ ಅವು ಸಾಯುವ ಬಗೆಯನ್ನೂ ದಾಖಲಿಸಿದರು. ಪ್ರಯೋಗಶಾಲೆಯ ಸಿಬ್ಬಂದಿಯಲ್ಲೂ ಹಲವರಿಗೆ ಸೋಂಕು ತಗುಲಿತು. ಮನುಷ್ಯರೂ ಅಪಾಯದ ಪಾಲು ಹೊತ್ತ ಸಂಶೋಧನೆ ಅದು.

ಮಂಗನ ಕಾಯಿಲೆಯ ಕಥೆಯಲ್ಲಿ ಮಂಗ ಅಪರಾಧಿಯಲ್ಲ, ಮೊದಲ ಬಲಿ. ಕಾಡು ಕಡಿದು ತೋಟ ಗದ್ದೆ ಮಾಡಿದ್ದು, ಕಾಡಂಚಿನಲ್ಲಿ ದನ ಮೇಯಿಸಿ ಉಣ್ಣೆಗಳ ಸಂಖ್ಯೆ ಹೆಚ್ಚಿದ್ದು ರೋಗಕ್ಕೆ ಹಾದಿ ಮಾಡಿತೆಂದು ಆಗಿನ ಸಂಶೋಧಕರಲ್ಲಿ ಒಬ್ಬರಾದ ಹೋರ್ಹೆ ಬೊಷೆಲ್ 1969ರಲ್ಲೇ ಬರೆದಿದ್ದರು. ಅಂದರೆ ಮಂಗ ನಮ್ಮ ಕೈಯಲ್ಲಿ ಎರಡು ಸಲ ಸತ್ತಿದೆ: ಕಾಡಿನಲ್ಲಿ ಒಮ್ಮೆ, ಪ್ರಯೋಗಶಾಲೆಯಲ್ಲಿ ಇನ್ನೊಮ್ಮೆ.

ಇಷ್ಟೆಲ್ಲ ಆಗಿ ಬಂದ ಲಸಿಕೆಯ ಗತಿ ಏನಾಯಿತು? ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ತಯಾರಿಸುತ್ತಿದ್ದ ಈ ಲಸಿಕೆ ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ಸಿದ್ಧವಾಗುತ್ತಿತ್ತು. 1990ರಿಂದ 1992ರವರೆಗಿನ ಕ್ಷೇತ್ರಪರೀಕ್ಷೆಯಲ್ಲಿ ಎರಡು ಡೋಸುಗಳಿಂದ ಶೇ 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಅಂಕಿಅಂಶಗಳನ್ನು ಆಮೇಲೆ ಪರಿಶೀಲಿಸಿದಾಗ ಎರಡು ಡೋಸುಗಳ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು. ಆ ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಲಸಿಕೆಗೆ ಶಕ್ತಿ ಸಾಲದೆಂದು ಕೈಬಿಟ್ಟದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮಲೆನಾಡಿನ ಎಷ್ಟೊಂದು ಜನ ತೋಳು ಒಡ್ಡಿದರು! ಲಸಿಕೆಯ ಪ್ರತಿ ಬ್ಯಾಚಿಗೂ ಇಲಿಗಳ ಮೇಲೆ ಶಕ್ತಿಪರೀಕ್ಷೆ ನಡೆಯುವುದು, ಸಾಲದ ಲಸಿಕೆಯನ್ನು ಹೊರಗೆ ಬಿಡದಿರಲೆಂದು. ಪರೀಕ್ಷೆಯ ಎಚ್ಚರಿಕೆಗೆ ಆಡಳಿತ ಕಿವಿಗೊಡದಿದ್ದರೆ ಆ ಇಲಿಗಳನ್ನು ಕೊಂದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪ್ರಾಣಿಹಿಂಸೆಯ ಪ್ರಶ್ನೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಸಂಗತಿ ಇದು.

ಮಂಗಗಳ ಮಾತು ಬಂದಾಗ ಇನ್ನೂ ಎರಡನ್ನು ಹೇಳಬೇಕು. 1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ಭಾರತದಿಂದ ಅಮೆರಿಕಕ್ಕೆ ಮಂಗಗಳು ಲಕ್ಷಗಟ್ಟಲೆ ಹೋದವು. ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತು ನಿಲ್ಲಿಸಿತು. 2020ರಲ್ಲಿ ಕೊವ್ಯಾಕ್ಸಿನ್ ತಯಾರಾಗುವಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 20 ಮಂಗಗಳ ಮೇಲೆ ಪರೀಕ್ಷೆ ನಡೆಯಿತು. ಲಾಕ್‌ಡೌನಿನ ಆ ದಿನಗಳಲ್ಲಿ ಅವುಗಳನ್ನು ಕಾಡಿನಿಂದ ಹಿಡಿದು ತಂದಿದ್ದರು. ಆ ಲಸಿಕೆ ನಮ್ಮ ಹಳ್ಳಿಗಳ ಶಾಲೆಯ ಪಡಸಾಲೆಗಳಲ್ಲಿ ಸಾಲುಗಟ್ಟಿ ನಿಂತವರಿಗೆ ಸಿಕ್ಕಿತು.

ದನಕರುಗಳ ವಿಷಯ ಬೇರೆಯದೇ ತೂಕದ್ದು. ಇಲ್ಲಿ ಪ್ರಯೋಗಕ್ಕೆ ಒಳಗಾಗುವ ಜೀವಿಯ ಕುಲಕ್ಕೇ ಅದರ ಫಲ. ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದರೆ ಊರಿನ ಕೊಟ್ಟಿಗೆಗಳೆಲ್ಲ ಬರಿದಾಗುತ್ತಿದ್ದ ಕಾಲವಿತ್ತು. ಅದಕ್ಕೆ ಮದ್ದು ಹುಡುಕಲೆಂದೇ ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ತೆರೆಯಿತು. ಮುಂದೆ ಮಂಗನ ಕಾಯಿಲೆಯ ಲಸಿಕೆ ಮಾಡಿದ ಸಂಸ್ಥೆ ಅದೇ. ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಕಸುವು ತಗ್ಗಿಸಿ ಲಸಿಕೆ ಮಾಡಿದರು. ಸಾಲುಸಾಲು ಆಡುಗಳು ಅದಕ್ಕಾಗಿ ಸತ್ತವು. 1960ರ ಸುಮಾರಿಗೆ ವಾಲ್ಟರ್ ಪ್ಲೌರೈಟ್ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ ತಂದರು. ಭಾರತ 2006ರಲ್ಲಿ ದೊಡ್ಡರೋಗದಿಂದ ಮುಕ್ತವೆನಿಸಿತು, 2011ರಲ್ಲಿ ಇಡೀ ಜಗತ್ತು. ಸಿಡುಬಿನ ನಂತರ ಭೂಮಿಯಿಂದಲೇ ಅಳಿದ ಎರಡನೆಯ ರೋಗ ಅದು. ಬಾಡಕ್ಕೋ ಅಕ್ಕಿಆಲೂರಿಗೋ ಹೋಗಿ ಇಂದಿನ ಹುಡುಗರನ್ನು ಕೇಳಿದರೆ ಆ ರೋಗದ ಹೆಸರೂ ಗೊತ್ತಿರಲಿಕ್ಕಿಲ್ಲ. ಇದಕ್ಕಿಂತ ದೊಡ್ಡ ಫಲ ಬೇಕಿಲ್ಲ.

ಕಾಲುಬಾಯಿ ಬೇನೆಯದು ಇನ್ನೂ ಮುಗಿಯದ ಕಥೆ. ಅದರ ಲಸಿಕೆಯ ಶಕ್ತಿಯನ್ನು ಪರೀಕ್ಷಿಸುವ ಹಳೆಯ ಕ್ರಮದಲ್ಲಿ ದನದ ನಾಲಿಗೆಗೆ ವೈರಸ್ ಚುಚ್ಚುತ್ತಾರೆ. ಲಸಿಕೆ ಹಾಕದ ದನಗಳಿಗೆ ಗೊರಸಿನ ಸಂದಿಯಲ್ಲಿ ಹುಣ್ಣಾಗಲೇಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ರಕ್ತದ ಮಾದರಿಯಿಂದಲೇ ಶಕ್ತಿ ಅಳೆಯುವ ವಿಧಾನಗಳು ಇದಕ್ಕೆ ಬದಲಿಯಾಗುತ್ತಿವೆ, ಆಗಲೇಬೇಕು. 2022ರಲ್ಲಿ ಹಾವೇರಿ ಜಿಲ್ಲೆಯ ಕೊಟ್ಟಿಗೆಗಳಿಗೂ ಚರ್ಮಗಂಟು ರೋಗ ನುಗ್ಗಿದಾಗ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಆ ವರ್ಷದ ಆಗಸ್ಟಿನಲ್ಲಿ ಹಿಸಾರದ ಅಶ್ವ ಸಂಶೋಧನಾ ಕೇಂದ್ರ ಮತ್ತು ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿ ಸ್ವಂತ ಲಸಿಕೆ ಪ್ರಕಟಿಸಿದವು. ಕರುಗಳ ಮೇಲೆ ಪರೀಕ್ಷಿಸದೆ ಅದು ಸಾಧ್ಯವಿರಲಿಲ್ಲ. ಮೈತುಂಬ ಗಂಟೆದ್ದು, ಮೇವು ಬಿಟ್ಟು ಮಲಗಿದ ಎತ್ತನ್ನು ಕಂಡವರು ಆ ಕರುಗಳನ್ನು ಬಳಸಬಾರದಿತ್ತು ಎನ್ನಲಾರರು. ಆದರೂ ಕರುವಿನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ ಎಂಬ ಸತ್ಯ ಹಾಗೆಯೇ ಉಳಿಯುತ್ತದೆ.

ಕಾನೂನಿಗೆ ಬರೋಣ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ ಹೋರಾಡಿದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 14ನೆಯ ಕಲಂ ಸಂಶೋಧನೆಗಾಗಿ ಪ್ರಯೋಗ ನಡೆಸುವುದನ್ನು ಒಪ್ಪುತ್ತದೆ. 17ನೆಯ ಕಲಂ ಅರಿವಳಿಕೆ ಕೊಡಬೇಕು, ಪುಸ್ತಕ ಅಥವಾ ಮಾದರಿಯಿಂದ ಕಲಿಸಬಹುದಾದಲ್ಲಿ ಪ್ರಯೋಗ ಬೇಡ, ಬರಿ ಕೈಚಳಕ ಕಲಿಯಲು ಪ್ರಾಣಿ ಬೇಡ ಎಂದೆಲ್ಲ ಹೇಳುತ್ತದೆ. ನಿಗಾವಹಿಸಲು ಒಂದು ಕೇಂದ್ರ ಸಮಿತಿ 1964ರಿಂದ ಇದೆ. 1998ರ ನಿಯಮಗಳ ನಂತರವೇ ಅದಕ್ಕೆ ಜೀವ ಬಂದದ್ದು. ಇದೇ 17ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಂಥ ಚಿಕ್ಕ ಪ್ರಾಣಿಗಳಿಂದ ಕೆಲಸವಾಗುವಲ್ಲಿ ದೊಡ್ಡ ಪ್ರಾಣಿ ಬಳಸಬೇಡಿ ಎಂದು. ದೊಡ್ಡದಕ್ಕೆ ನೋವು ಹೆಚ್ಚು, ಚಿಕ್ಕದಕ್ಕೆ ಕಡಿಮೆ ಎಂಬ ಎಣಿಕೆ ಇದರೊಳಗಿದೆ. ಇದನ್ನು ನಾನು ಒಪ್ಪಲಾರೆ. ಬಂಕಾಪುರದ ಕೋಟೆಯಲ್ಲಿ ಖಿಲಾರಿ ತಳಿಯ ಸಂವರ್ಧನ ಕೇಂದ್ರವಿದೆ, ಅದೇ ಕೋಟೆ ನವಿಲುಗಳ ಅಭಯಧಾಮವೂ ಹೌದು. ಖಿಲಾರಿಗೆ ಆರೈಕೆ, ನವಿಲಿಗೆ ವನ್ಯಜೀವಿ ಕಾಯ್ದೆಯ ಕಾವಲು. ಅದೇ ಮಣ್ಣಿನಲ್ಲಿ ಬಿಲ ತೋಡಿದ ಇಲಿಗೆ ಏನೂ ಇಲ್ಲ. ನರಮಂಡಲ ಮಾತ್ರ ಮೂರಕ್ಕೂ ಇದೆ.

ದೀಪಾವಳಿಯ ಹೊತ್ತಿಗೆ ಹಾನಗಲ್, ಹಿರೇಕೆರೂರು ಸೀಮೆಯಲ್ಲಿ ಕೊಬ್ಬರಿ ಹೋರಿಗಳ ಓಟ ನಡೆಯುತ್ತದಲ್ಲ, ಅದಕ್ಕೂ ಇದೇ 1960ರ ಕಾಯ್ದೆಯ ಸಂಬಂಧವಿದೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಬಂಡಿ ಓಟಗಳನ್ನು ನಿಷೇಧಿಸುವಾಗ ಪ್ರಾಣಿಗೆ ನೋವಿನಿಂದ ಮುಕ್ತವಾಗಿ, ಘನತೆಯಿಂದ ಬದುಕುವ ಹಕ್ಕಿದೆ ಎಂದಿತು; ಇಂಥ ಓಟಗಳಿಗೆ ಮತ್ತೆ ಅವಕಾಶ ಕೊಟ್ಟ 2017ರ ಕರ್ನಾಟಕದ ತಿದ್ದುಪಡಿಯನ್ನು 2023ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಹೋರಿಯ ಬಗ್ಗೆ ಊರೂರಿನಲ್ಲಿ ವಾದಗಳು ನಡೆದವು, ಮೆರವಣಿಗೆಗಳಾದವು. ಕಣ್ಣೆದುರಿಗಿಲ್ಲದ ಪ್ರಾಣಿಯ ಬಗ್ಗೆ ಅಂಥ ಒಂದು ವಾದವೂ ನಮ್ಮಲ್ಲಿ ನಡೆದಿಲ್ಲ.

ಕಾಲೇಜಿನ ಕಪ್ಪೆಯ ವಿಷಯ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಬಹುಮಟ್ಟಿಗೆ ಇತ್ಯರ್ಥವಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪ್ರಾಣಿಶಾಸ್ತ್ರ ಓದಿದ ಹಿಂದಿನ ತಲೆಮಾರಿನವರು ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಪಿನ್ನು ಚುಚ್ಚಿ ಹರಡಿದವರೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2011ರಲ್ಲಿ ಅದನ್ನು ಕಡಿಮೆ ಮಾಡಲು ಹೇಳಿ, 2014ರಲ್ಲಿ ನಿಲ್ಲಿಸಿತು. ಗೊತ್ತಿರುವುದನ್ನೇ ಮತ್ತೆ ನೋಡಲು ಕೊಲ್ಲುತ್ತಿದ್ದ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಅದೇ ಧಾರವಾಡದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ಶಿಷ್ಯರು ಗೊದಮೊಟ್ಟೆಗಳು ತಮ್ಮ ಒಡಹುಟ್ಟುಗಳನ್ನು ಗುರುತಿಸುತ್ತವೆಯೇ ಎಂದು ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿ ತಿಳಿದುಕೊಂಡರು. ಕಪ್ಪೆಯಿಂದ ಹೊಸದನ್ನು ಕಲಿಯಲು ಕತ್ತರಿಯೇ ಬೇಕೆಂದಿಲ್ಲ.

ತತ್ತ್ವಜ್ಞಾನಿಗಳಲ್ಲಿ ಎರಡು ಬಣ. ಪೀಟರ್ ಸಿಂಗರ್ 1975ರಲ್ಲಿ ನೋವನ್ನೂ ಫಲವನ್ನೂ ತೂಗಿ ನೋಡಿ ಎಂದರು, ತೂಗುವಾಗ ಮನುಷ್ಯನದೆಂದು ಹೆಚ್ಚಿನ ತೂಕ ಕೊಡಬೇಡಿ ಎಂದರು. ಟಾಮ್ ರೀಗನ್ 1983ರಲ್ಲಿ ತೂಗುವುದೇ ತಪ್ಪು, ಪ್ರತಿಯೊಂದು ಜೀವವೂ ತನ್ನ ಬಾಳಿನ ಒಡೆಯ ಎಂದರು. ಗಾಂಧೀಜಿ ಜೀವಂತ ಪ್ರಾಣಿಗಳ ಛೇದನವನ್ನು ಕಟುವಾಗಿ ವಿರೋಧಿಸಿದ್ದರು. ವಿಜ್ಞಾನಿಗಳ ಕಡೆಯಿಂದ ರಸೆಲ್ ಮತ್ತು ಬರ್ಚ್ 1959ರಲ್ಲಿ ಕೊಟ್ಟ ಸೂತ್ರ ಇಂದು ಎಲ್ಲೆಡೆ ಆಧಾರವಾಗಿದೆ: ಸಾಧ್ಯವಾದಲ್ಲಿ ಬದಲಿಸಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಭಾರತ ಇದಕ್ಕೆ ಪುನರ್ವಸತಿಯನ್ನೂ ಸೇರಿಸಿತು. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆಗಳು ಪ್ರಯೋಗಶಾಲೆಯಿಂದ ಬಿಡುಗಡೆಯಾದ ಬೀಗಲ್ ನಾಯಿಗಳಿಗೆ ಮನೆ ಹುಡುಕಿಕೊಟ್ಟಿವೆ. ನಾನು ರೀಗನ್ನರ ಮಾತಿನ ಎತ್ತರವನ್ನು ಗೌರವಿಸುತ್ತೇನೆ; ಹಾವು ಕಡಿತದ ವಾರ್ಡಿನಲ್ಲಿ ಅದನ್ನು ಪಾಲಿಸಲಾರೆ. ಆದರೆ ತೂಗಿ ನೋಡುವೆವು ಎನ್ನುವವರು ತಕ್ಕಡಿಯ ಎರಡನೆಯ ತಟ್ಟೆಗೆ ಹಾಕುವುದು ಬರಿಯ ಭರವಸೆ. ಪ್ರಾಣಿಯ ನೋವು ಇಂದೇ ನಡೆಯುವ ಸಂಗತಿ, ಮನುಷ್ಯನ ಲಾಭ ಮುಂದೆಂದೋ ಬರಬಹುದಾದದ್ದು. ಆ ಲಾಭ ಬಂತೇ ಎಂದು ಹಿಂತಿರುಗಿ ನೋಡುವ ಏರ್ಪಾಡು ಎಲ್ಲಿದೆ?

ಬದಲಾವಣೆ ಆಗುತ್ತಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಮಾನವ ಜೀವಕೋಶಗಳಿಂದ ಬೆಳೆಸಿದ ಅಂಗಕಗಳು, ಚಿಪ್ ಮೇಲೆ ರೂಪಿಸಿದ ಅಂಗಮಾದರಿಗಳು, ಕಂಪ್ಯೂಟರ್ ಮಾದರಿಗಳು ಇವುಗಳ ಫಲಿತಾಂಶಕ್ಕೂ ಮಾನ್ಯತೆ ಸಿಕ್ಕಿತು. ಸಲೈನ್ ಬಾಟಲಿಯಲ್ಲಿ ಜ್ವರ ತರುವ ಅಂಶವಿದೆಯೇ ಎಂದು ಮೊಲಗಳಿಗೆ ಚುಚ್ಚಿ ನೋಡುವ ಪದ್ಧತಿ ಹಿಂದೆ ಸರಿದಿದೆ; ಅದರ ಜಾಗಕ್ಕೆ ಬಂದ ಒಂದು ಪರೀಕ್ಷೆಗೆ ಲಾಳದ ಆಕಾರದ ಸಮುದ್ರ ಏಡಿಯ ರಕ್ತ ಬೇಕು. ಮೊಲದ ಭಾರ ಏಡಿಯ ಮೇಲೆ ಬಿತ್ತು. ಏಡಿಯೂ ಬೇಡವೆನ್ನುವ ಕೃತಕ ವಿಧಾನ ಈಗ ಬಂದಿದೆ.

ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ಪ್ರಾಣಿ ನೈತಿಕ ಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಗಳು, ಒಬ್ಬ ಪಶುವೈದ್ಯರು, ಹೊರಗಿನ ಒಬ್ಬ ವಿಜ್ಞಾನಿ, ಕೇಂದ್ರ ಸಮಿತಿಯ ಪ್ರತಿನಿಧಿ, ಜೊತೆಗೆ ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯ ಒಬ್ಬ ಸದಸ್ಯರು ಇರುತ್ತಾರೆ. ಈ ಕೊನೆಯ ಕುರ್ಚಿಯಲ್ಲಿ ನಗರದ ಸಜ್ಜನರನ್ನಷ್ಟೇ ಕೂರಿಸುವ ಬದಲು, ಹಾವಿನ ಮದ್ದಿನ ಸಂಶೋಧನೆಯಾದರೆ ಹಾವು ಕಡಿತದಿಂದ ಬದುಕಿ ಬಂದ ಒಬ್ಬ ಕೂಲಿಯಾಳನ್ನು, ಕಾಲುಬಾಯಿ ಲಸಿಕೆಯಾದರೆ ಹತ್ತು ದನ ಸಾಕಿದ ಒಬ್ಬ ಹೆಣ್ಣುಮಗಳನ್ನು ಯಾಕೆ ಕೂರಿಸಬಾರದು? ನೊಂದ ದನದ ಕಣ್ಣನ್ನು ಓದಬಲ್ಲವರು ಅವರು. ಫಲ ಮುಟ್ಟಿತೋ ಇಲ್ಲವೋ ಎಂದು ಹೇಳಬಲ್ಲವರೂ ಅವರೇ. ಇಂದು ಸಮಿತಿ ಕೇಳುವುದು ಎಷ್ಟು ಪ್ರಾಣಿ, ಎಂಥ ನೋವು, ಪರ್ಯಾಯ ಇದೆಯೇ ಎಂದು. ಹಿಂದಿನ ಪ್ರಯೋಗದ ಫಲ ಯಾವ ಆಸ್ಪತ್ರೆಗೆ, ಯಾವ ಕೊಟ್ಟಿಗೆಗೆ ಹೋಯಿತು ಎಂದೂ ಕೇಳಬೇಕು. ಉತ್ತರವಿಲ್ಲದಿದ್ದರೆ ಹೊಸ ಪ್ರಾಣಿಗಳನ್ನು ಕೊಡಬಾರದು.

ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ತಯಾರಿಸುತ್ತಿದೆ. ಅದಕ್ಕೂ ಪ್ರಾಣಿಗಳ ಮೇಲಿನ ಪರೀಕ್ಷೆಗಳು ನಡೆದಿವೆ, ಅಂದರೆ ಋಣ ಆಗಲೇ ಆಗಿದೆ. ಆ ಲಸಿಕೆ ಸೊರಬ, ಸಾಗರ, ಸಿದ್ದಾಪುರದ ಕಾಡಂಚಿಗೆ ಬರುವ ದಿನ ಅದರ ಪ್ರತಿ ಬ್ಯಾಚಿನ ಶಕ್ತಿಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅಂಟಿಸಬೇಕೆಂದು ನಾವು ಕೇಳಬೇಕು. ಹಾನಗಲ್ಲಿನವರೂ ಕೇಳಬೇಕು, ಸೊರಬದ ಕಾಡಿಗೂ ನಮಗೂ ನಡುವೆ ಇರುವುದು ತಾಲ್ಲೂಕಿನ ಗಡಿ ಮಾತ್ರ, ಉಣ್ಣೆಗೆ ಅದು ಗೊತ್ತಿಲ್ಲ.